ಯಾರ ಜೋಡಿ ಹೋಗ್ತೀರಿ ಅನ್ನೂದರ ಮ್ಯಾಲ

ಹತ್ತರಗಿ ಅಂದರೆ ಹೊರಗಿನವರಿಗೆ ಟೋಲ್ ನಾಕಾ. ಬೆಂಗಳೂರಿನಿಂದ ಪುಣೆಗೆ ಹೊರಟವರು, ಕೊಲ್ಲಾಪುರದ ಮಹಾಲಕ್ಷ್ಮಿಗೆ ನಡೆದುಕೊಳ್ಳುವವರು, ಎಲ್ಲರೂ ನಮ್ಮೂರಿನ ಹೆಸರನ್ನು ಮೊಬೈಲಿಗೆ ಬರುವ ಫಾಸ್ಟ್‌ಟ್ಯಾಗ್ ಮೆಸೇಜಿನಲ್ಲಿ ಓದಿದವರೇ ಹೊರತು ಊರೊಳಗೆ ಕಾಲಿಟ್ಟವರಲ್ಲ. ಕಾಲಿಟ್ಟಿದ್ದರೆ ನಮ್ಮ ಹಿತ್ತಲದ ತಂತಿ ಬೇಲಿಯ ಮೇಲೆ ನಡೆಯುವ ಮಾತು ಅವರ ಕಿವಿಗೂ ಬೀಳುತ್ತಿತ್ತು. ಬೇಲಿಯ ಆಚೆ ರಿಟಾಯರಾದ ಇಂಗ್ಲಿಷ್ ಮಾಸ್ತರ್ರು, ಮತ್ತು ಅವರ ಮನೆಯವರು. ಓಣಿಯವರೆಲ್ಲ ಅವರಿಗೆ ಕಾಕು ಅನ್ನುತ್ತೇವೆ. ಈಚೆ ನಾನು, ನನ್ನ ಕಬ್ಬು, ಬ್ಯಾಂಕ್ ಪರೀಕ್ಷೆಗೆ ಓದುವ ನನ್ನ ಮಗಳು.

ಈ ಸಲ ಮಾತು ಹತ್ತಿದ್ದು ಮಗಳ ಪುಸ್ತಕದಿಂದ. ಬ್ಯಾಂಕ್ ಪರೀಕ್ಷೆಯಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಿರುತ್ತವಲ್ಲ, ಅಂಥದ್ದೊಂದು. ‘ಎವ್ರಿಥಿಂಗ್ ಡಿಪೆಂಡ್ಸ್ ಆನ್ ವಾಟ್ ಡಸ್ ಹೀ ಸೇ.’ ಆಕೆ ‘ಆನ್’ ಕೆಳಗೆ ಗೆರೆ ಎಳೆದಿದ್ದಳು. ಪ್ರಿಪೊಜಿಷನ್ ಆದ ಮೇಲೆ ಒಂದು ನಾಮಪದ ಬರಬೇಕು, ಟೇಬಲ್ಲೋ ಕುರ್ಚಿಯೋ. ಅಲ್ಲಿ ಪ್ರಶ್ನೆ ಬಂದು ಕೂತರೆ ಹೇಗೆ ಅನ್ನುವುದು ಆಕೆಯ ವಾದ. ನನಗೂ ಖರೆ ಅನಿಸಿತು. ಬೇಲಿಗೆ ಬಂದೆ.

“ಮಾಸ್ತರ್ರ, ಆನ್ ಮುಂದ ವಾಟ್ ಬರತೈತೇನ್ರಿ?”

“ಯಾಕ ಬರಬಾರದು? ಆನ್ ವಾಟ್, ಅಬೌಟ್ ಹೌ, ಅಟ್ ವೇರ್, ಎಲ್ಲಾ ಬರತಾವ. ತಪ್ಪಿರೂದು ಆನ್‌ದಾಗಲ್ಲೋ ತಮ್ಮಾ, ಡಸ್‌ದಾಗ. ಆನ್ ವಾಟ್ ಹೀ ಸೇಸ್ ಆಗಬೇಕು.”

ಅಷ್ಟಕ್ಕೆ ಮುಗಿಯಬಹುದಿತ್ತು. ಮುಗಿದರೆ ಅದು ಹರಟೆ ಹೇಗಾದೀತು? ಮಾಸ್ತರ್ರು ಒಳಗೆ ಹೋಗಿ ರೆನ್ ಅಂಡ್ ಮಾರ್ಟಿನ್ ತಂದರು. ರಟ್ಟು ಹೋಗಿ ಸಿಮೆಂಟ್ ಚೀಲದ ಕಾಗದದ ಹೊದಿಕೆ ಹಾಕಿಸಿಕೊಂಡ ಪ್ರತಿ.

ಈ ರೆನ್ ಸಾಹೇಬನ ಕತೆಯೇ ಒಂದು ಮಜಾ. ಪರ್ಸಿವಲ್ ಕ್ರಿಸ್ಟೋಫರ್ ರೆನ್ ಮುಂಬಯಿ ಇಲಾಖೆಯ ಶಿಕ್ಷಣ ಖಾತೆಯಲ್ಲಿದ್ದವನು, ಕರಾಚಿಯ ಹೈಸ್ಕೂಲಿಗೆ ಹೆಡ್‌ಮಾಸ್ತರನಾಗಿದ್ದವನು. ಆಗ ಕರಾಚಿಯೂ ಬೆಳಗಾವಿಯೂ ಒಂದೇ ಇಲಾಖೆ. ಅಂದರೆ ಒಂದು ಲೆಕ್ಕಕ್ಕೆ ನಮ್ಮ ಕಡೆಯ ಮಾಸ್ತರನೇ! ಆಮೇಲೆ 1924ರಲ್ಲಿ ‘ಬೋ ಜೆಸ್ಟ್’ ಅನ್ನುವ ಸಾಹಸದ ಕಾದಂಬರಿ ಬರೆದು ಲೋಕಕ್ಕೆಲ್ಲ ಹೆಸರಾದ. ಆದರೆ ನಮ್ಮಲ್ಲಿ ಆ ಕಾದಂಬರಿ ಓದಿದವರು ಯಾರೂ ಸಿಗುವುದಿಲ್ಲ. 1930ರ ದಶಕದಲ್ಲಿ ಮಾರ್ಟಿನ್ ಜೊತೆ ಮಾಡಿದ ವ್ಯಾಕರಣದ ಪುಸ್ತಕ ಇಲ್ಲದ ಮಾಸ್ತರರ ಮನೆಯೂ ಸಿಗುವುದಿಲ್ಲ.

“ಇಲ್ಲಿ ನೋಡು,” ಅಂದರು ಮಾಸ್ತರ್ರು. “ನೌನ್ ಕ್ಲಾಜ್ ಪಾಠದಾಗ ಹೇಳ್ಯಾನ, ಇಡೀ ಕ್ಲಾಜು ಪ್ರಿಪೊಜಿಷನ್ನಿಗೆ ಆಬ್ಜೆಕ್ಟ್ ಆಗಬಹುದು ಅಂತ.”

“ಮತ್ತ ಪ್ರಿಪೊಜಿಷನ್ ಪಾಠದಾಗ?”

ಮಾಸ್ತರ್ರು ಹಾಳೆ ತಿರುವಿದರು, ತಿರುವಿದರು. ಆ ಪಾಠ ಎಲ್ಲೋ, ಈ ಪಾಠ ಎಲ್ಲೋ. ನಡುವೆ ಟೆನ್ಸು, ವಾಯ್ಸು, ಕಾಮಾ, ಫುಲ್‌ಸ್ಟಾಪು. ಸಾಲಿಯಲ್ಲಿ ಪ್ರಿಪೊಜಿಷನ್ ಅಂದರೆ ಖಾಲಿ ಬಿಟ್ಟ ಜಾಗ ತುಂಬುವುದು: ‘ದಿ ಬುಕ್ ಈಸ್ ಡ್ಯಾಶ್ ದಿ ಟೇಬಲ್.’ ನೌನ್ ಕ್ಲಾಜ್ ಅಂದರೆ ವಾಕ್ಯ ಒಡೆದು ಕೋಷ್ಟಕ ಹಾಕುವುದು. ಎರಡರದೂ ಒಂದು ಕಡೆ ಭೇಟಿಯೇ ಆಗುವುದಿಲ್ಲ. ಭೇಟಿಯಾಗುವುದು ನೇರ ಬ್ಯಾಂಕ್ ಪರೀಕ್ಷೆಯ ಹಾಲ್‌ನಲ್ಲಿ, ಒಂದು ಪ್ರಶ್ನೆಗೆ ಒಂದು ನಿಮಿಷವೂ ಇಲ್ಲದಾಗ.

ಅಷ್ಟೊತ್ತಿಗೆ ಕಾಕು ಅಡಿಗೆಮನೆಯ ಕಿಟಕಿಯಿಂದ ಕೂಗಿದರು. ನಾಳೆ ಮಾಸ್ತರ್ರು ಸವದತ್ತಿ ಎಲ್ಲಮ್ಮಗ ಹೋಗುವುದಿತ್ತು.

“ಬುತ್ತಿ ಎಷ್ಟು ಕಟ್ಟತಿ ಅಂತ ನನಗೇನ ಕೇಳ್ತೀರಿ? ನೀವ ಯಾರ ಜೋಡಿ ಹೋಗ್ತೀರಿ ಅನ್ನೂದರ ಮ್ಯಾಲ ಐತಿ!”

ಮಾಸ್ತರ್ರು ಪುಸ್ತಕ ಮುಚ್ಚಿದರು. ನಾನು ಮಗಳನ್ನು ಕರೆದೆ. ಕಾಕು ಇಂಗ್ಲಿಷ್ ಕಲಿತವರಲ್ಲ. ರೆನ್ ಮತ್ತು ಮಾರ್ಟಿನ್ ಅವರಿಗೆ ಎರಡು ಹಾಳೆಗಳ ನಡುವೆ ಪಿಂಚಣಿ ಚೀಟಿ ಇಡುವ ಜಾಗ, ಅಷ್ಟೇ. ಆದರೆ ಆ ಒಂದು ಮಾತಿನಲ್ಲಿ ಆ ಎರಡು ಪಾಠಗಳೂ ಕೂಡಿ ಕೂತಿದ್ದವು.

ಬಿಡಿಸಿ ನೋಡಿರಿ. ‘ಯಾರ ಜೋಡಿ ಹೋಗ್ತೀರಿ’ ಅನ್ನುವುದು ಒಂದು ಗಂಟು. ‘ಅನ್ನೂದು’ ಅದರ ಬಾಯಿಗೆ ಹಾಕಿದ ಹಗ್ಗ. ‘ಮ್ಯಾಲ’ ಆ ಹಗ್ಗ ಹಿಡಿದು ಗಂಟನ್ನು ಎತ್ತುವ ಕೈ. ಗಂಟಿನ ಒಳಗೆ ಯಾರಿದ್ದಾರೆ, ಯಾರ ಜೋಡಿ ಇದ್ದಾರೆ ಅನ್ನುವುದು ಆ ಕೈಗೆ ಬೇಕಿಲ್ಲ. ಇಂಗ್ಲಿಷಿನಲ್ಲಿ ಇದೇ ಮಾತು: ‘ಇಟ್ ಡಿಪೆಂಡ್ಸ್ ಆನ್ ಹೂ ಯು ಗೋ ವಿತ್.’ ಒಂದೇ ವಾಕ್ಯದಲ್ಲಿ ಎರಡು ಪ್ರಿಪೊಜಿಷನ್. ‘ವಿತ್’ ಗಂಟಿನ ಒಳಗಿನದು, ನಮ್ಮ ‘ಜೋಡಿ’. ‘ಆನ್’ ಹೊರಗಿನದು, ನಮ್ಮ ‘ಮ್ಯಾಲ’. ನಮ್ಮಲ್ಲಿ ಎತ್ತುವ ಕೈ ಹಿಂದೆ ಬರುತ್ತದೆ, ಅವರಲ್ಲಿ ಮುಂದೆ ಬರುತ್ತದೆ. ಹಗ್ಗ ನಮ್ಮದು ಕಣ್ಣಿಗೆ ಕಾಣುತ್ತದೆ; ಅವರಲ್ಲಿ ಬೇರೆ ಹಗ್ಗ ಇಲ್ಲ, ವಾಟ್, ಹೂ, ವೇರ್ ಅನ್ನುವ ಪ್ರಶ್ನೆಯ ಶಬ್ದವೇ ಹಗ್ಗದ ಕೆಲಸವನ್ನೂ ಮಾಡಿಬಿಡುತ್ತದೆ.

“ಅಂದ್ರ ನಮ್ಮ ಟೋಲಿನ ಲೆಕ್ಕಾನೂ ಹಿಂಗ ಹೇಳಬಹುದೇನ್ರಿ?” ಅಂದಳು ಮಗಳು. “ಎಷ್ಟು ಟೋಲ್ ಅನ್ನೂದು ಯಾವ ಗಾಡಿ ಹೊಡೀತೀರಿ ಅನ್ನೂದರ ಮ್ಯಾಲ. ದಿ ಟೋಲ್ ಡಿಪೆಂಡ್ಸ್ ಆನ್ ವಾಟ್ ಯು ಡ್ರೈವ್.”

“ಹಾಂ! ಬ್ಯಾಂಕಿನವರು ಕೇಳಲಿ ಬಿಡಲಿ, ನಾಕಾದವರು ಒಪ್ಪತಾರ.”

ನಾನೂ ಸುಮ್ಮನಿರಲಿಲ್ಲ. ಕಬ್ಬಿನ ದರ ರಿಕವರಿ ಎಷ್ಟು ಬರತೈತಿ ಅನ್ನೂದರ ಮ್ಯಾಲ. ಕೇಂದ್ರ ಸರಕಾರದವರು ಎಫ್‌ಆರ್‌ಪಿ ಅನ್ನುವ ಕಬ್ಬಿನ ದರ ಕಟ್ಟುವುದೇ ಹಾಗೆ, ನೂರು ಕಿಲೋ ಕಬ್ಬಿಗೆ ಇಷ್ಟು ಕಿಲೋ ಸಕ್ಕರೆ ಬಂದರೆ ಇಷ್ಟು ದರ ಅಂತ. ‘ದಿ ಪ್ರೈಸ್ ಡಿಪೆಂಡ್ಸ್ ಆನ್ ಹೌ ಮಚ್ ಶುಗರ್ ದಿ ಕೇನ್ ಗಿವ್ಸ್.’ ಮಾಸ್ತರ್ರು ಭೇಷ್ ಅಂದರು. ಬಿಲ್ಲು ಯಾವಾಗ ಬರತೈತಿ ಅನ್ನೂದರ ಬಗ್ಗೆ ಒಂದು ವಾಕ್ಯ ಮಾಡು ಅಂದರು. ಅದು ವ್ಯಾಕರಣಕ್ಕೆ ಸಿಗುವ ವಿಷಯವಲ್ಲ ಅಂದೆ.

ಈಗ ‘ಹೂ’ ಮತ್ತು ‘ಹೂಮ್’ ಜಗಳಕ್ಕೆ ಬರೋಣ. ಪ್ರಿಪೊಜಿಷನ್ ಆದ ಮೇಲೆ ‘ಹೂಮ್’ ಬರಬೇಕು ಅಂತ ಯಾವನೋ ಬಾಯಿಪಾಠ ಮಾಡಿಸಿರುತ್ತಾನೆ. ಹುಡುಗರು ಅದನ್ನೇ ಹಿಡಿದು ‘ಇಟ್ ಡಿಪೆಂಡ್ಸ್ ಆನ್ ಹೂಮ್ ಕಮ್ಸ್’ ಅಂತ ಬರೆಯುತ್ತಾರೆ. ಹುಡುಗರನ್ನು ಬಿಡಿ, ಸೂಟು ಹಾಕಿಕೊಂಡು ಭಾಷಣ ಮಾಡುವವರೂ ಹಾಗೇ ಅನ್ನುತ್ತಾರೆ, ‘ಹೂಮ್’ ಅಂದರೆ ಇಂಗ್ಲಿಷ್ ಇನ್ನಷ್ಟು ಇಸ್ತ್ರಿ ಆದಂತೆ ಅಂತ ತಿಳಿದು. ಇದನ್ನು ಕನ್ನಡಕ್ಕೆ ತಂದು ನೋಡಿ: ‘ಯಾರನ್ನ ಬರತಾರ ಅನ್ನೂದರ ಮ್ಯಾಲ.’ ಹತ್ತರಗಿಯಲ್ಲಿ ಎರಡು ವರ್ಷದ ಕೂಸೂ ಹೀಗೆ ಮಾತಾಡುವುದಿಲ್ಲ. ಬರುವವರು ಯಾರು? ಯಾರು ಅನ್ನುವುದು ಆ ‘ಬರತಾರ’ ಎಂಬುದರ ಕರ್ತೃ. ಹೊರಗಿನ ‘ಮ್ಯಾಲ’ ಒಳಗೆ ಕೈ ಹಾಕಿ ಅದರ ವಿಭಕ್ತಿ ಬದಲಿಸುವುದಿಲ್ಲ. ಇಂಗ್ಲಿಷಿನಲ್ಲೂ ಅದೇ ನ್ಯಾಯ: ‘ಆನ್ ಹೂ ಕಮ್ಸ್.’ ‘ಗಿವ್ ಇಟ್ ಟು ಹೂಎವರ್ ಕಮ್ಸ್.’ ಯಾರು ಬರತಾರೋ ಅವರಿಗೆ ಕೊಡು.

ಹಾಗಾದರೆ ನಮ್ಮ ಹುಡುಗರು ಎಡವುವುದೆಲ್ಲಿ? ‘ಡಸ್’ನಲ್ಲಿ. ಇದರ ಕಾರಣ ನನಗೆ ಬಹಳ ರುಚಿ ಹತ್ತಿತು. ಕನ್ನಡದಲ್ಲಿ ಪ್ರಶ್ನೆ ಕೇಳುವಾಗ ಶಬ್ದಗಳು ಜಾಗ ಬಿಟ್ಟು ಏಳುವುದಿಲ್ಲ. ‘ಅವ ಏನಂದಾ?’ ಅಂತ ಕೇಳಿದರೂ ‘ಏನಂದಾ’, ‘ಅವ ಏನಂದಾ ಅನ್ನೂದು ಗೊತ್ತಿಲ್ಲ’ ಅಂದರೂ ಅದೇ ‘ಏನಂದಾ’. ಪ್ರಶ್ನೆಯನ್ನು ಎತ್ತಿ ಗಂಟು ಕಟ್ಟುವಾಗ ಒಳಗೆ ಏನೂ ಅಲ್ಲಾಡುವುದಿಲ್ಲ. ಇಂಗ್ಲಿಷ್ ಹಾಗಲ್ಲ. ಪ್ರಶ್ನೆ ಕೇಳುವಾಗ ‘ವಾಟ್ ಡಸ್ ಹೀ ಸೇ’ ಅಂತ ಡಸ್ ಎದ್ದು ಮುಂದೆ ಓಡುತ್ತದೆ; ಅದೇ ಪ್ರಶ್ನೆಯನ್ನು ಇನ್ನೊಂದು ವಾಕ್ಯದ ಒಳಗೆ ಇಟ್ಟಾಗ ಡಸ್ ಮಾಯವಾಗಿ ‘ವಾಟ್ ಹೀ ಸೇಸ್’ ಆಗುತ್ತದೆ. ಮೇಲಾಗಿ ನಮ್ಮ ಸಾಲಿಗಳಲ್ಲಿ ಮೊದಲು ಪ್ರಶ್ನೆ ಮಾಡುವುದನ್ನೇ ವರ್ಷಗಟ್ಟಲೆ ತಿಕ್ಕಿಸುತ್ತಾರೆ: ವಾಟ್ ಡು ಯು, ವೇರ್ ಡಸ್ ಶೀ, ವೆನ್ ಡಿಡ್ ದೇ. ಹುಡುಗರು ಶಿಸ್ತಿನಿಂದ ಕಲಿತ ಡು, ಡಸ್, ಡಿಡ್‌ಗಳನ್ನು ಗಂಟಿನೊಳಗೂ ತುರುಕುತ್ತಾರೆ. ‘ಐ ಡೋಂಟ್ ನೋ ವೇರ್ ಈಸ್ ಹೀ’ ಅನ್ನದ ಕಾಲೇಜು ಬೆಳಗಾವಿಯಿಂದ ಬೀದರ್‌ವರೆಗೆ ಒಂದಿದ್ದರೆ ತೋರಿಸಿ. ಇದು ದಡ್ಡತನವಲ್ಲ. ಅರ್ಧ ಪಾಠವನ್ನು ಪೂರ್ತಿ ಕಲಿತದ್ದರ ಫಲ.

“ಮರಾಠಿಯೊಳಗ ಹೆಂಗ್ರಿ?” ಅಂತ ಮಗಳು ಕೇಳಿದಳು. ಗಡಿಯೂರು ನೋಡ್ರಿ, ಯಾವ ಮಾತಾಡಿದರೂ ಮರಾಠಿ ಒಂದು ಸಲ ಬಂದು ಬೇಲಿ ಮುಟ್ಟಿ ಹೋಗಲೇಬೇಕು. ಅಲ್ಲೂ ಎತ್ತುವ ಕೈ ಹಿಂದೆಯೇ. ‘ಕೋಣ ಯೇಣಾರ ಯಾವರ.’ ಯಾರು ಬರತಾರ ಅನ್ನೂದರ ಮ್ಯಾಲ. ಕಾಕು ಕಿಟಕಿಯಿಂದಲೇ ನಕ್ಕರು. “ಕೋಣ ಬರೂದಿದ್ರ ಬುತ್ತಿ ಯಾಕ ಬೇಕ್ರಿ, ಕಬ್ಬಿನ ವಾಡಿ ಸಾಕು!”

ಮಾಸ್ತರ್ರಿಗೆ ಹುರುಪು ಬಂತು. “ಇನ್ನೊಂದು ಕೇಳು. ಆನ್ ಇಫ್ ಅನ್ನೂದಿಲ್ಲ. ಆನ್ ವೆದರ್ ಅನಬೇಕು. ಯಾಕ?”

ಯಾಕ ಅನ್ನುವುದಕ್ಕೆ ಉತ್ತರ ರೆನ್ ಸಾಹೇಬನಿಗಿಂತ ನಮ್ಮ ಬಾಯಲ್ಲೇ ಚೆನ್ನಾಗಿದೆ. ಇಂಗ್ಲಿಷಿನ ‘ಇಫ್’ ಎರಡು ಕೆಲಸ ಮಾಡುತ್ತದೆ. ‘ಮಳಿ ಆದರ ಬಿತ್ತತೀವಿ’ ಅನ್ನುವಲ್ಲಿಯೂ ಅದೇ, ‘ಮಳಿ ಆಕ್ಕೈತೋ ಇಲ್ಲೋ ಗೊತ್ತಿಲ್ಲ’ ಅನ್ನುವಲ್ಲಿಯೂ ಅದೇ. ನಾವು ಎರಡನ್ನೂ ಎಂದೂ ಕಲೆಸುವುದಿಲ್ಲ. ಒಂದಕ್ಕೆ ‘ಆದರ’, ಇನ್ನೊಂದಕ್ಕೆ ‘ಓ’. ಕನ್ನಡದ ವಾಕ್ಯದಲ್ಲಿ ‘ಓ’ ಕೇಳಿಸಿತು, ಅದರ ಬೆನ್ನಿಗೆ ‘ಅನ್ನೂದರ ಮ್ಯಾಲ’, ‘ಅನ್ನೂದರ ಬಗ್ಗೆ’ ಬಂತು ಅಂದರೆ ಇಂಗ್ಲಿಷಿನಲ್ಲಿ ‘ವೆದರ್’ ಬರೆದು ಮುಂದೆ ಹೋಗಿ. ‘ಹಿಡಕಲ್ ಡ್ಯಾಮ್ ತುಂಬತೈತೋ ಇಲ್ಲೋ ಅನ್ನೂದರ ಮ್ಯಾಲ ನಮ್ಮ ಕಬ್ಬು’: ‘ಅವರ್ ಕೇನ್ ಡಿಪೆಂಡ್ಸ್ ಆನ್ ವೆದರ್ ದಿ ಡ್ಯಾಮ್ ಫಿಲ್ಸ್.’ ಘಟಪ್ರಭೆಯ ಕಾಲುವೆ ನೀರಿಗೆ ಕಾಯುವವರಿಗೆಲ್ಲ ಈ ವಾಕ್ಯ ವ್ಯಾಕರಣ ಗೊತ್ತಿಲ್ಲದೆಯೂ ಗೊತ್ತು.

ಆದರೆ ಕನ್ನಡದ ಹಗ್ಗ ಎಲ್ಲ ಕಡೆ ನಡೆಯುತ್ತದೆ ಅಂತ ಹಿಗ್ಗಬೇಡಿ. ‘ಮಗಳು ಪಾಸಾದಳು ಅನ್ನೂದಕ್ಕ ಖುಷಿ ಆತು’ ಅನ್ನುತ್ತೇವೆ. ಇಲ್ಲಿ ಪ್ರಶ್ನೆಯ ಶಬ್ದ ಇಲ್ಲ, ಬರೀ ಸಂಗತಿ. ಇಂಗ್ಲಿಷಿನಲ್ಲಿ ಇದು ‘ದ್ಯಾಟ್’ ಗಂಟು, ಮತ್ತು ‘ದ್ಯಾಟ್’ ಗಂಟನ್ನು ಪ್ರಿಪೊಜಿಷನ್ ಸಾಮಾನ್ಯವಾಗಿ ಮುಟ್ಟುವುದಿಲ್ಲ. ‘ಹ್ಯಾಪಿ ಅಬೌಟ್ ದ್ಯಾಟ್ ಶೀ ಪಾಸ್ಡ್’ ತಪ್ಪು. ‘ಹ್ಯಾಪಿ ದ್ಯಾಟ್ ಶೀ ಪಾಸ್ಡ್’ ಅಂತ ಅಬೌಟ್ ಬಿಟ್ಟೇ ಹೇಳಬೇಕು. ನಮ್ಮ ‘ಅನ್ನೂದು’ ಪ್ರಶ್ನೆಯನ್ನೂ ಕಟ್ಟುತ್ತದೆ, ಸಂಗತಿಯನ್ನೂ ಕಟ್ಟುತ್ತದೆ, ಮಡಿ ಮೈಲಿಗೆ ಇಲ್ಲ. ಅವರಲ್ಲಿ ಇದೆ.

ಇನ್ನು ‘ಡಿಸ್ಕಸ್ ಅಬೌಟ್’. ಇದು ನಮ್ಮ ‘ಬಗ್ಗೆ ಚರ್ಚೆ’ಯ ಕೊಡುಗೆ ಇರಬೇಕು ಅಂತ ನನ್ನ ಗುಮಾನಿ. ‘ಏನ್ ಮಾಡಬೇಕು ಅನ್ನೂದರ ಬಗ್ಗೆ ಚರ್ಚೆ ಮಾಡಿದ್ವಿ’ ಅಂತ ನಾವು ಅಂದುಕೊಳ್ಳುತ್ತ ‘ವಿ ಡಿಸ್ಕಸ್ಡ್ ಅಬೌಟ್ ವಾಟ್ ಟು ಡು’ ಬರೆಯುತ್ತೇವೆ. ಡಿಸ್ಕಸ್ ಅನ್ನುವ ಕ್ರಿಯಾಪದಕ್ಕೆ ಪ್ರಿಪೊಜಿಷನ್ ಬೇಡ, ನೇರ ‘ಡಿಸ್ಕಸ್ಡ್ ವಾಟ್ ಟು ಡು’. ಟಾಕ್, ಥಿಂಕ್, ವರಿ ಇವಕ್ಕೆ ಅಬೌಟ್ ಬೇಕು. ಎಕ್ಸ್‌ಪ್ಲೇನ್‌ಗೆ ಬೇಡ. ಇದಕ್ಕೆ ಕಾರಣ ಕೇಳಿದರೆ ಮಾಸ್ತರ್ರು ಆಕಾಶ ನೋಡುತ್ತಾರೆ. ಕ್ರಿಯಾಪದದ ಜೊತೆಗೇ ಅದರ ಸಂಸಾರವನ್ನೂ ಕಲಿಯಬೇಕು, ಬೇರೆ ದಾರಿಯಿಲ್ಲ.

ಕೆಲವು ಕಡೆ ಇಂಗ್ಲಿಷಿನವರೇ ಮಾತಿನಲ್ಲಿ ಪ್ರಿಪೊಜಿಷನ್ ನುಂಗುತ್ತಾರೆ. ‘ನೋ ಐಡಿಯಾ ವೇರ್ ಹೀ ವೆಂಟ್.’ ‘ನಾಟ್ ಶ್ಯೂರ್ ಹೌ.’ ‘ಡಿಪೆಂಡ್ಸ್ ಹೂ ಕಮ್ಸ್’ ಕೂಡ ಚಹದಂಗಡಿಯ ಇಂಗ್ಲಿಷಿನಲ್ಲಿ ನಡೆಯುತ್ತದೆ. ನಾವೂ ‘ಎಲ್ಲಿ ಹೋದಾ ಅನ್ನೂದು ಗೊತ್ತಿಲ್ಲ’ ಅನ್ನುವ ಬದಲು ‘ಎಲ್ಲಿ ಹೋದಾ ಗೊತ್ತಿಲ್ಲ’ ಅಂದು ಅನ್ನೂದನ್ನು ನುಂಗುತ್ತೇವಲ್ಲ, ಹಾಗೆ. ಪರೀಕ್ಷೆಯಲ್ಲಿ ಮಾತ್ರ ನುಂಗಬೇಡ ಅಂತ ಮಗಳಿಗೆ ಮಾಸ್ತರ್ರು ತಾಕೀತು ಮಾಡಿದರು.

ಇದಕ್ಕೆ ತಿರುವುಮುರುವು ಸರಕಾರಿ ಇಂಗ್ಲಿಷ್. ಅಲ್ಲಿ ನುಂಗುವುದಿಲ್ಲ, ಉಗುಳುತ್ತಾರೆ. ನೌಕರಿಯಲ್ಲಿದ್ದವರಿಗೆಲ್ಲ ಶೋಕಾಸ್ ನೋಟಿಸಿನ ಭಾಷೆ ಬಾಯಿಪಾಠ ಇರುತ್ತದೆ, ಬೇಕಾಗಿ ಕಲಿತದ್ದಲ್ಲ. ‘ಶೋ ಕಾಸ್ ಆಸ್ ಟು ವೈ ಡಿಸಿಪ್ಲಿನರಿ ಆ್ಯಕ್ಷನ್ ಶುಡ್ ನಾಟ್ ಬಿ ಟೇಕನ್.’ ‘ಶೋ ಕಾಸ್ ವೈ’ ಅಂದರೆ ಸಾಕು. ‘ಆಸ್ ಟು’ ಅಲ್ಲಿ ಮಾಡುವ ಕೆಲಸ ಏನೂ ಇಲ್ಲ, ಸಾಹೇಬರ ಚೇಂಬರಿನ ಹೊರಗೆ ಸ್ಟೂಲಿನ ಮೇಲೆ ಕೂತಿದೆ. ಆದರೂ ಒಂದು ಉಪಕಾರವಿದೆ ಈ ನೋಟಿಸಿನಿಂದ. ‘ವೈ ಆ್ಯಕ್ಷನ್ ಶುಡ್ ನಾಟ್ ಬಿ ಟೇಕನ್’ ಅಂತ ಇದೆ, ‘ವೈ ಶುಡ್ ಆ್ಯಕ್ಷನ್’ ಅಂತ ಇಲ್ಲ. ಗಂಟಿನೊಳಗೆ ಶಬ್ದಗಳು ಸಾದಾ ವಾಕ್ಯದಂತೆ ಸಾಲಾಗಿ ನಿಂತಿವೆ. ಒಮ್ಮೆ ನೋಟಿಸ್ ಬಂದವರು ಈ ಕ್ರಮವನ್ನು ಜನ್ಮದಲ್ಲಿ ಮರೆಯುವುದಿಲ್ಲ.

“ಸರ, ನೀವು ಹೂ ಯು ಗೋ ವಿತ್ ಅಂದ್ರಿ. ವಾಕ್ಯದ ಕೊನಿಗೆ ಪ್ರಿಪೊಜಿಷನ್ ಬಿಡಬಾರದು ಅಂತ ನಮ್ಮ ಕೋಚಿಂಗಿನ ಸರ್ ಹೇಳ್ಯಾರ,” ಅಂದಳು ಮಗಳು.

ಮಾಸ್ತರ್ರಿಗೆ ಬೇಕಾದ್ದು ಇದೇ. ಈ ಮಡಿ ಶುರುವಾದದ್ದು ಡ್ರೈಡನ್ ಎಂಬ ಕವಿಯಿಂದ. 1672ರಲ್ಲಿ ಅವನು ಬೆನ್ ಜಾನ್ಸನ್ನನ ಬರಹದಲ್ಲಿ ವಾಕ್ಯದ ಕೊನೆಗೆ ಬಿದ್ದ ಪ್ರಿಪೊಜಿಷನ್ ತೋರಿಸಿ ದೋಷ ಅಂದ. ತನ್ನ ಬರಹದಲ್ಲೂ ಅದೇ ಇದೆ ಅಂತ ಒಪ್ಪಿಕೊಂಡ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ವ್ಯಾಕರಣ ಬರೆದು, ಮಾತಿನಲ್ಲಿ ಇದು ನಡೆಯುತ್ತದೆ, ಗಂಭೀರ ಬರಹಕ್ಕೆ ಮುಂದೆ ಇಡುವುದೇ ಲೇಸು ಅಂದ. ಅವನ ನಂತರದ ಮಾಸ್ತರರು ‘ಲೇಸು’ ಅನ್ನುವುದನ್ನು ‘ಇಲ್ಲದಿದ್ದರೆ ಮಾರ್ಕ್ಸ್ ಕಟ್’ ಅಂತ ಮಾಡಿದರು. 1926ರಲ್ಲಿ ಫೌಲರ್ ತನ್ನ ಬಳಕೆಯ ನಿಘಂಟಿನಲ್ಲಿ ಇದನ್ನು ಮೂಢನಂಬಿಕೆ ಅಂತ ಕರೆದ. ಅದಾಗಿ ನೂರು ವರ್ಷವಾಗುತ್ತ ಬಂತು, ಆ ಸುದ್ದಿ ಇನ್ನೂ ಕೋಚಿಂಗ್ ಕ್ಲಾಸಿನವರೆಗೆ ಬಂದಿಲ್ಲ. ಟೋಲ್ ನಾಕಾದಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು.

ನನಗೆ ಸಿಟ್ಟು ಬರುವುದು ಬೇರೆಯದಕ್ಕೆ. ಇಂಗ್ಲಿಷ್ ತಾಸಿನಲ್ಲಿ ಕನ್ನಡದ ಒಂದು ಶಬ್ದ ಆಡಿದರೆ ದಂಡ ಹಾಕುವ ಸಾಲಿಗಳಿವೆ. ಅಲ್ಲ, ಯುರೋಪಿನವರು ಕನ್ನಡ ಕಲಿತದ್ದು ಹೇಗೆ? ವಿಲಿಯಂ ಕೇರಿ 1817ರಲ್ಲಿ ಸಿರಾಂಪುರದಿಂದ ಕನ್ನಡ ವ್ಯಾಕರಣ ತಂದ, ಇಂಗ್ಲಿಷಿನಲ್ಲಿ. ಕಿಟ್ಟೆಲ್ 1894ರಲ್ಲಿ ನಿಘಂಟು ಮಾಡಿದ, ಕನ್ನಡಕ್ಕೆ ಅರ್ಥ ಇಂಗ್ಲಿಷಿನಲ್ಲಿ. 1903ರಲ್ಲಿ ವ್ಯಾಕರಣ ಬರೆದ, ಅದೂ ಇಂಗ್ಲಿಷಿನಲ್ಲಿ. ಅವರಿಗಿಂತ ಎಷ್ಟೋ ಮುಂಚೆ, 1604ರಲ್ಲಿ, ನಮ್ಮ ಭಟ್ಟಾಕಳಂಕ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳಿದ. ಗೊತ್ತಿರುವ ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ಅವರೆಲ್ಲರಿಗೂ ಸರಿ. ಹುಕ್ಕೇರಿ ತಾಲೂಕಿನ ಹುಡುಗಿ ‘ಅನ್ನೂದರ ಮ್ಯಾಲ’ ಹಿಡಿದುಕೊಂಡು ‘ಡಿಪೆಂಡ್ಸ್ ಆನ್’ಗೆ ದಾಟಿದರೆ ಮಾತ್ರ ದಂಡ!

“ಗೋಕಾಕರನ್ನ ನೆನಿಸ್ಕೋ,” ಅಂದರು ಮಾಸ್ತರ್ರು. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಾದರೂ ಹೆಸರಿನಲ್ಲಿ ನಮ್ಮ ಪಕ್ಕದ ತಾಲೂಕನ್ನು ಹೊತ್ತವರು. ಇಂಗ್ಲಿಷ್ ಪ್ರಾಧ್ಯಾಪಕರು, ದೇಶಕ್ಕೆಲ್ಲ ಇಂಗ್ಲಿಷ್ ಮಾಸ್ತರರನ್ನು ತಯಾರು ಮಾಡುವ ಹೈದರಾಬಾದಿನ ಸಂಸ್ಥೆಗೆ ನಿರ್ದೇಶಕರಾಗಿದ್ದವರು. ಸಾಲಿಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಅನ್ನುವ 1981ರ ವರದಿಗೂ ಅವರದೇ ಹೆಸರು. ಒಬ್ಬನೇ ಮನುಷ್ಯನ ತಲೆಯಲ್ಲಿ ಎರಡೂ ಭಾಷೆ ಜಗಳವಿಲ್ಲದೆ ಇದ್ದವು. ನಮ್ಮ ಟೈಮ್‌ಟೇಬಲ್ಲಿನಲ್ಲಿ ಮಾತ್ರ ಅವೆರಡರ ನಡುವೆ ನಮ್ಮ ಹಿತ್ತಲಿನದಕ್ಕಿಂತ ಎತ್ತರದ ಬೇಲಿ.

ಕಾಕು ಕೊನೆಗೂ ಮೂರು ಮಂದಿಗೆ ಬುತ್ತಿ ಕಟ್ಟಿದರು, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ.

ಇನ್ನು ಇಂಗ್ಲಿಷ್ ಪ್ರಶ್ನೆಪತ್ರಿಕೆ ತೆಗೆಯುವ ಗುರುಗಳಲ್ಲಿ, ಗುರುಮಾತೆಯರಲ್ಲಿ ಒಂದು ವಿನಂತಿ. ಟೇಬಲ್ಲಿನ ಮೇಲಿನ ಆ ಪುಸ್ತಕವನ್ನು ಇನ್ನಾದರೂ ಕಪಾಟಿಗೆ ಇಡಿರಿ. ಖಾಲಿ ಜಾಗ ಬಿಡುವುದಿದ್ದರೆ ‘ಇಟ್ ಡಿಪೆಂಡ್ಸ್ ಡ್ಯಾಶ್ ಹೂ ಯು ಗೋ ಡ್ಯಾಶ್’ ಅಂತ ಎರಡು ಜಾಗ ಬಿಡಿರಿ. ಬಿಡುವ ಮೊದಲು ಮಕ್ಕಳಿಂದ ಅದನ್ನು ಒಮ್ಮೆ ಕನ್ನಡದಲ್ಲಿ, ಅವರವರ ಊರಿನ ಕನ್ನಡದಲ್ಲೇ, ಗಟ್ಟಿಯಾಗಿ ಹೇಳಿಸಿರಿ.